ಹಿರಿಯರ ಎಲೆಯ ತುಪ್ಪ: ತ್ಯಾಗವೋ, ನಿರೋಧವೋ?

ಅಹಿಂಸಾಣುವ್ರತಕ್ಕೆ ಆಚಾರ್ಯ ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಹೇಳಿರುವ ಐದು ಅತಿಚಾರಗಳಲ್ಲಿ ಕೊನೆಯದು ಅನ್ನಪಾನನಿರೋಧ. ಕಟ್ಟಿಹಾಕುವುದು, ಹೊಡೆಯುವುದು, ಅಂಗಚ್ಛೇದ, ಅತಿಭಾರ ಹೇರುವುದು ಎಂಬ ಮೊದಲಿನ ನಾಲ್ಕರೊಂದಿಗೆ ಇದನ್ನೂ ದನಕರುಗಳಿಗೆ, ಆಳುಕಾಳುಗಳಿಗೆ ಸಂಬಂಧಿಸಿದ್ದೆಂದು ಓದಿ ಮುಂದೆ ಸಾಗುವುದು ರೂಢಿ. ಆದರೆ ಇಂದು ಈ ಐದನೆಯದು ಅನೇಕ ಶ್ರಾವಕರ ಮನೆಗಳಲ್ಲಿ ಊಟದ ಎಲೆಯವರೆಗೂ ಬಂದು ನಿಂತಿದೆ.

ಎಪ್ಪತ್ತು ದಾಟಿದ ಯಜಮಾನರೊಬ್ಬರು ಎದೆನೋವಿನಿಂದ ಆಸ್ಪತ್ರೆ ಸೇರಿ ಮನೆಗೆ ಮರಳುತ್ತಾರೆ. ಜಿಡ್ಡು ಕಡಿಮೆ ಮಾಡಬೇಕೆಂದು ವೈದ್ಯರ ಆದೇಶ. ಮರುದಿನದಿಂದಲೇ ತುಪ್ಪದ ಭರಣಿ ಬೀರುವಿನೊಳಗೆ ಸೇರುತ್ತದೆ. ಬೀಗದ ಕೈ ಸೊಸೆಯ ಸೊಂಟಕ್ಕೆ. ಹಬ್ಬದ ದಿನ ಮೊಮ್ಮಕ್ಕಳ ಹೋಳಿಗೆಯ ಮೇಲೆ ತುಪ್ಪ ಹರಿಯುತ್ತಿರುವಾಗ ಹಿರಿಯರ ಹೋಳಿಗೆ ಒಣಗಿಯೇ ಇರುತ್ತದೆ. ಅವರು ಕೈ ಚಾಚಿದರೆ, “ಡಾಕ್ಟರು ಹೇಳಿದ್ದು ಮರೆತಿರಾ?” ಎಂಬ ಮಾತು ನಾಲ್ಕು ಜನರ ಎದುರಿಗೇ ಬರುತ್ತದೆ. ಮನೆಯವರೆಲ್ಲರ ಉದ್ದೇಶ ಒಳ್ಳೆಯದೇ. ಅಷ್ಟರಿಂದ ಇದು ಅತಿಚಾರದಿಂದ ಪಾರಾಯಿತೇ ಎಂಬುದು ವಿಚಾರಣೀಯ.

ಹಿಂಸೆಗೆ ಮೂಲ ಪ್ರಮತ್ತಯೋಗವೆಂಬುದು ಆಗಮದ ನಿರ್ಣಯ. ಕರುಣೆಯಿಂದ ಕುರುವನ್ನು ಕೊಯ್ಯುವ ವೈದ್ಯನಿಗೆ, ನೋವುಂಟುಮಾಡಿದರೂ, ಆ ದೋಷವಿಲ್ಲವೆಂಬ ದೃಷ್ಟಾಂತ ಪ್ರಸಿದ್ಧವಾಗಿದೆ. ಮನೆಯವರೂ ಅದನ್ನೇ ಆಶ್ರಯಿಸಬಹುದು. ಆದರೆ ವೈದ್ಯನು ಕೊಯ್ಯುವಾಗ ಗದರಿಸುವುದಿಲ್ಲ, ಪಕ್ಕದವರ ಮುಂದೆ ನಗೆಯಾಡುವುದಿಲ್ಲ. ತುಪ್ಪವನ್ನು ತಡೆದುದರಲ್ಲಿ ಕರುಣೆಯಿದ್ದು, ತಡೆದ ಮಾತಿನಲ್ಲಿ ಕಷಾಯವಿದ್ದರೆ ಒಂದು ಮತ್ತೊಂದನ್ನು ತೊಳೆಯಲಾರದು.

ಇನ್ನು, ಬೀಗ ಹಾಕಿದ್ದರಿಂದ ಹಿರಿಯರಿಗೆ ರಸಪರಿತ್ಯಾಗದ ಪುಣ್ಯ ಬಂತೆಂದು ಸಮಾಧಾನ ಹೇಳುವವರಿದ್ದಾರೆ. ಬಾಹ್ಯತಪಸ್ಸಿನ ಆರು ಬಗೆಗಳಲ್ಲಿ ರಸಪರಿತ್ಯಾಗವೂ ಒಂದೆಂಬುದು ನಿಜ. ಹಾಲು, ಮೊಸರು, ತುಪ್ಪ, ಎಣ್ಣೆ, ಸಿಹಿ, ಉಪ್ಪುಗಳಲ್ಲಿ ಒಂದನ್ನೋ ಹಲವನ್ನೋ ಬಿಡುವುದು ಅದರ ಕ್ರಮ. ಆದರೆ ಬಿಡುವವನು ತಾನೇ ಬಿಡಬೇಕು. ಪರರು ಕಸಿದುಕೊಂಡದ್ದನ್ನು ತ್ಯಾಗವೆಂದರೆ, ಕಳುವಾದ ಹಣವನ್ನು ದಾನದ ಖಾತೆಗೆ ಜಮಾ ಮಾಡಿದಂತೆ.

ಖಾತೆಯ ಮಾತು ಬಂದುದರಿಂದ ಲೆಕ್ಕವನ್ನೂ ನೋಡಬಹುದು. ಐದು ಜನರ ಮನೆಗೆ ತಿಂಗಳಿಗೆ 5 ಲೀಟರ್ ಎಣ್ಣೆ, 1 ಕಿಲೋ ತುಪ್ಪ ಬರುತ್ತದೆಂದು ಇಟ್ಟುಕೊಳ್ಳೋಣ. ಲೀಟರ್ ಎಣ್ಣೆ ಸುಮಾರು 910 ಗ್ರಾಂ ತೂಗುತ್ತದೆ. ಹಂಚಿದರೆ ತಲೆಗೆ ದಿನಕ್ಕೆ 37 ಗ್ರಾಂ. ಹಾಲು, ತೆಂಗು, ಶೇಂಗಾಗಳಲ್ಲಿ ಅಡಗಿರುವ ಜಿಡ್ಡು ಇದರ ಹೊರಗಿನದು. ಒಂದು ಗ್ರಾಂ ಜಿಡ್ಡಿನಿಂದ 9 ಕ್ಯಾಲರಿ ಬಂದರೆ, ಅಷ್ಟೇ ಪಿಷ್ಟದಿಂದ 4. ಒಟ್ಟು ಶಕ್ತಿಯಲ್ಲಿ ಸಂತೃಪ್ತ ಕೊಬ್ಬಿನ ಪಾಲು ಶೇಕಡಾ 10ನ್ನು ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಮತ್ತೆ ತಿಳಿಸಿದೆ. ದಿನಕ್ಕೆ 1,800 ಕ್ಯಾಲರಿ ಉಣ್ಣುವ ಹಿರಿಯರಿಗೆ ಅದು 20 ಗ್ರಾಂ. 15 ಗ್ರಾಮಿನ ಒಂದು ದೊಡ್ಡ ಚಮಚ ತುಪ್ಪದಲ್ಲಿ ಸುಮಾರು 9 ಗ್ರಾಂ ಅಂಥದೇ ಇರುವುದರಿಂದ ಅರ್ಧದಷ್ಟು ಪಾಲು ಒಂದೇ ಹೋಳಿಗೆಯ ಮೇಲೆ ಮುಗಿಯುತ್ತದೆ. ಕರಾವಳಿಯ ಮನೆಗಳಲ್ಲಿ ತುಪ್ಪ ಬಿಟ್ಟು ತೆಂಗಿನೆಣ್ಣೆ ಹಿಡಿದರೆ ಲಾಭವಿಲ್ಲ; ಸಂತೃಪ್ತ ಕೊಬ್ಬು ಅದರಲ್ಲಿ ತುಪ್ಪಕ್ಕಿಂತಲೂ ಹೆಚ್ಚು.

ಈ ಲೆಕ್ಕವನ್ನು ಹಿರಿಯರ ಮುಂದೆಯೇ ಬಿಡಿಸಿಡಬೇಕು. ಜೀವಮಾನವೆಲ್ಲ ತೂಕ ಅಳತೆಗಳಲ್ಲಿ ಕಳೆದವರಿಗೆ ಗದರಿಕೆಗಿಂತ ಅಂಕೆ ಬೇಗ ಅರ್ಥವಾಗುತ್ತದೆ. ಭೋಗೋಪಭೋಗ ಪರಿಮಾಣದಲ್ಲಿ ಸಮಂತಭದ್ರಾಚಾರ್ಯರು ಯಮ, ನಿಯಮಗಳೆಂದು ಎರಡು ಮಾಡಿದ್ದಾರೆ: ಜೀವಾವಧಿಯದು ಯಮ, ಕಾಲಮಿತಿಯದು ನಿಯಮ. “ಇನ್ನು ಮೇಲೆ ತುಪ್ಪವೇ ಇಲ್ಲ” ಎಂದಾಗ ಎದೆಗುಂದುವವರು, ಮುಂದಿನ ರಕ್ತಪರೀಕ್ಷೆಯವರೆಗೆ ದಿನಕ್ಕೊಂದು ಸಣ್ಣ ಚಮಚವೆಂಬ ನಿಯಮವನ್ನು ತಾವೇ ಕೈಗೊಳ್ಳುವುದುಂಟು. ಆ ಚಮಚ ಯಾವ ಹೊತ್ತಿನ ಊಟಕ್ಕೆ ಎಂಬುದನ್ನು ಅವರಿಗೇ ಬಿಡಬೇಕು. ತೀರ ಕೃಶರಾದವರ ವಿಷಯದಲ್ಲಿ ಎಷ್ಟು ಇಳಿಸಬೇಕೆಂಬುದನ್ನು ವೈದ್ಯರೇ ಹೇಳಲಿ.

ಅಡುಗೆಮನೆಯ ಕಷ್ಟವೂ ಸಣ್ಣದಲ್ಲ. ಈರುಳ್ಳಿ, ಬೆಳ್ಳುಳ್ಳಿಗಳಿಲ್ಲದ ನಮ್ಮ ಅಡುಗೆಯಲ್ಲಿ ರುಚಿಯ ಭಾರವನ್ನು ಬಹುಕಾಲದಿಂದ ಹೊತ್ತಿರುವುದು ತುಪ್ಪದ ಒಗ್ಗರಣೆ. ಅದನ್ನು ತೆಗೆದ ಜಾಗದಲ್ಲಿ ಏನನ್ನೂ ಇಡದಿದ್ದರೆ ಉಣ್ಣುವವರು ಸಿಡುಕುವುದು ಸಹಜ. ಎಣ್ಣೆಯಿಲ್ಲದೆ ಹುರಿದು ಕುಟ್ಟಿದ ಜೀರಿಗೆ, ಇಂಗು, ಕಾಳುಮೆಣಸು, ಕರಿಬೇವು, ನಿಂಬೆಹುಳಿ ಆ ಭಾರವನ್ನು ಬಹುಮಟ್ಟಿಗೆ ಹೊರಬಲ್ಲವು. ಜೋಳದ ರೊಟ್ಟಿಗೆ, ನುಚ್ಚಿನುಂಡೆಗೆ, ಕಡೆದು ಬೆಣ್ಣೆ ತೆಗೆದ ಮಜ್ಜಿಗೆಗೆ ಯಾವ ತಿದ್ದುಪಡಿಯೂ ಬೇಕಿಲ್ಲ. ಜಿಡ್ಡು ಇಳಿಸಿ ಬೆಲ್ಲ, ಸಕ್ಕರೆ ಏರಿಸುವ ಉಪಾಯ ಮಾತ್ರ ಬೇಡ.

ಗುಟ್ಟಾಗಿ ಮಾಡಬಹುದೇ? ಪಲ್ಯದ ಒಗ್ಗರಣೆಯಲ್ಲಿ ಎರಡು ಚಮಚದ ಬದಲು ಒಂದನ್ನು ಹಾಕಿ ಸುಮ್ಮನಿರುವುದು ಅಸತ್ಯವೆನಿಸದು. ಆದರೆ “ತುಪ್ಪ ಹಾಕಿದೆಯಾ?” ಎಂದು ಅವರು ಕೇಳಿದಾಗ ಹಾಕದೆಯೇ ಹಾಕಿದೆ ಎನ್ನುವುದು ಸುಳ್ಳೇ. ಅದು ಒಮ್ಮೆ ಬಯಲಾದರೆ, ಮುಂದೆ ಮನೆಯ ಔಷಧವನ್ನೂ ಅವರು ಸಂಶಯದಿಂದಲೇ ಬಾಯಿಗಿಡುತ್ತಾರೆ. ಅದಕ್ಕಿಂತ ಮಗನೂ ಸೊಸೆಯೂ ತಮ್ಮ ಎಲೆಯ ತುಪ್ಪವನ್ನು ಅದೇ ಚಮಚಕ್ಕೆ ಇಳಿಸುವುದು ಮೇಲು. ವಾರದ ಒಂದೊಂದು ದಿನ ಒಂದೊಂದು ರಸವನ್ನು ಬಿಡುವ ವಾಡಿಕೆ ಕೆಲವು ಶ್ರಾವಕರಲ್ಲಿ ಇದ್ದೇ ಇದೆ. ತುಪ್ಪದ ದಿನವನ್ನು ಇಡೀ ಮನೆ ಒಟ್ಟಿಗೆ ಆಚರಿಸಿದರೆ ಅಂದು ಯಾರ ಹೋಳಿಗೆಯೂ ಒಂಟಿಯಲ್ಲ, ಬೀಗವೂ ಬೇಕಿಲ್ಲ.

ಮನೆಯಲ್ಲಿ ಉಳಿಸಿಕೊಂಡ ನಿಯಮ ಬಹಳ ಸಲ ಮುರಿಯುವುದು ಬಸದಿಯ ಭೋಜನಶಾಲೆಯಲ್ಲಿ. ಆರಾಧನೆ ಮುಗಿದ ಪಂಕ್ತಿಯಲ್ಲಿ ತುಪ್ಪದ ಮಿಳ್ಳೆ ಹಿಡಿದವರಿಗೆ, ಹಿರಿಯರು ಬೇಡವೆಂದಷ್ಟೂ ಉತ್ಸಾಹ ಹೆಚ್ಚುತ್ತದೆ. ಟ್ರಸ್ಟಿನವರು ಬಡಿಸುವ ಯುವಕರಿಗೆ ಮೊದಲೇ ಒಂದು ಮಾತು ಹೇಳಿಡಬಹುದು. ಬೇಡವೆಂದು ಎಲೆಗೆ ಅಡ್ಡ ಹಿಡಿದ ಕೈಯ ಬೆರಳಸಂದಿಯಿಂದಲೇ ತುಪ್ಪ ಸುರಿಯುವ ಉಪಚಾರ ಇನ್ನೂ ನಿಂತಿಲ್ಲ.