ಸುಮ್ಮನಿರುವುದು, ಸುಮ್ಮನೆ ನಿಲ್ಲುವುದು

ರಂಗೋಲಿ, ಅಡಿಗೆಗಳಿಗಿಂತ ಮುಂಚೆಯೇ ನಮ್ಮ ಮನೆಗಳಲ್ಲಿ ಹೆಣ್ಣುಮಕ್ಕಳಿಗೆ ಕಲಿಸುವ ವಿದ್ಯೆಯೊಂದಿದೆ. ಅದು ಸುಮ್ಮನಿರುವುದು. ಅಪ್ಪ ಊಟಕ್ಕೆ ಕೂತಿದ್ದಾರೆ, ಸುಮ್ಮನಿರು. ಬಂದವರ ಎದುರಿಗೆ ಸುಮ್ಮನಿರು. ಕೊಟ್ಟ ಮನೆಯಲ್ಲಿ ಯಾರು ಏನೇ ಅಂದರೂ ಸುಮ್ಮನಿರು. ಮದುವೆಯಾಗಿ ಹೊರಟವಳ ಮಡಿಲಿಗೆ ಅಕ್ಕಿ, ಬೆಲ್ಲ, ಕೊಬ್ಬರಿಯ ಜೊತೆಗೆ ಈ ಮಾತನ್ನೂ ತುಂಬಿ ಕಳಿಸುತ್ತೇವೆ. ಇದಕ್ಕೆ ಗಾದೆಯ ಬೆಂಬಲವೂ ಉಂಟು: ಮಾತು ಬೆಳ್ಳಿ, ಮೌನ ಬಂಗಾರ. ಆದರೆ ನಮ್ಮ ಹಿರಿಯರು ಇನ್ನೊಂದನ್ನೂ ಹೇಳಿಟ್ಟಿದ್ದಾರೆ. ಮೌನಂ ಸಮ್ಮತಿ ಲಕ್ಷಣಂ. ಎರಡನ್ನೂ ಒಟ್ಟಿಗೆ ಇಟ್ಟು ನೋಡಿ. ಬಂಗಾರವೆಂದು ನಾವು ಜೋಪಾನ ಮಾಡಿದ ಮೌನವನ್ನೇ ಒಪ್ಪಿಗೆ ಪತ್ರವೆಂದು ತೋರಿಸಿ ಬೇರೆಯವರು ತಮ್ಮ ವ್ಯವಹಾರ ಮುಗಿಸಿಕೊಂಡಿರುತ್ತಾರೆ.

'ಆ ಮನೆ ನೋಡಿ, ಎಷ್ಟು ಶಾಂತವಾಗಿದೆ! ಒಂದು ದಿನ ಜೋರು ದನಿ ಕೇಳಿದ್ದಿಲ್ಲ' ಎಂದು ನೆರೆಮನೆಯವರನ್ನು ಹೊಗಳುವುದು ವಾಡಿಕೆ. ಶಾಂತಿಯಿದ್ದ ಕಡೆ ಜೋರು ದನಿ ಕೇಳುವುದಿಲ್ಲ, ನಿಜ. ಆದರೆ ದನಿ ಕೇಳಿಸದ ಕಡೆಯಲ್ಲೆಲ್ಲ ಶಾಂತಿಯಿದೆಯೇ? ಯಾರೋ ಒಬ್ಬಳು ನುಂಗಿಕೊಂಡು ಕೂತಿರುವುದರಿಂದ ಉಳಿದ ಐದಾರು ಮಂದಿಗೆ ನೆಮ್ಮದಿಯಿದ್ದರೆ ಅದಕ್ಕೆ ಶಾಂತಿ ಎಂಬ ದೊಡ್ಡ ಹೆಸರು ಸಲ್ಲುತ್ತದೆಯೇ?

ಈ ಪ್ರಶ್ನೆ ನನಗೆ ಪುಸ್ತಕದಿಂದ ಬಂದದ್ದಲ್ಲ. ಕೆಲವು ವರ್ಷಗಳ ಹಿಂದೆ ನಮ್ಮ ಊರಿನ ಬಡಾವಣೆಯೊಂದರಲ್ಲಿ, ಮದುವೆಯಾಗಿ ಎರಡು ವರ್ಷ ತುಂಬದ ಹುಡುಗಿಯೊಬ್ಬಳು ಸುಟ್ಟು ಸತ್ತಳು. ಸ್ಟೌ ಸಿಡಿಯಿತು ಎಂದರು. ಮನೆಯಲ್ಲಿ ಗ್ಯಾಸ್ ಇತ್ತಲ್ಲ, ಸ್ಟೌ ಎಲ್ಲಿಂದ ಬಂತು ಎಂದು ಅಕ್ಕಪಕ್ಕದ ಹೆಂಗಸರು ನಲ್ಲಿಯ ಹತ್ತಿರ ಪಿಸುಗುಟ್ಟಿದರು. ಪೊಲೀಸರು ಬಂದು ಕೇಳಿದಾಗ ಮಾತ್ರ ಎಲ್ಲರೂ ಬಾಗಿಲು ಮುಂದಕ್ಕೆ ಹಾಕಿಕೊಂಡರು. ಸುಮ್ಮನಿರುವುದನ್ನು ಎಲ್ಲರೂ ಚೆನ್ನಾಗಿ ಕಲಿತಿದ್ದೆವಲ್ಲ!

ನಮ್ಮದೊಂದು ಸಣ್ಣ ಮಹಿಳಾ ಸಮಾಜವಿದೆ. ಅರಿಶಿನ ಕುಂಕುಮ, ರಂಗೋಲಿ ಸ್ಪರ್ಧೆ, ವರ್ಷಕ್ಕೊಮ್ಮೆ ಪ್ರವಾಸ ಇವೇ ಅದರ ಕಾರ್ಯಕ್ರಮಗಳು. ಆ ವಾರದ ಸಭೆಯಲ್ಲಿ ಹಪ್ಪಳದ ಲೆಕ್ಕ ಓದಲು ಯಾರಿಗೂ ಮನಸ್ಸಾಗಲಿಲ್ಲ. ಕೊನೆಗೆ ಬೆಂಗಳೂರಿನಲ್ಲಿ ಕೆಲಸ ಮಾಡಿ ಬಂದ ಒಬ್ಬರು, 'ಬೀದಿಯಲ್ಲಿ ಒಂದು ಗಂಟೆ ಸುಮ್ಮನೆ ನಿಲ್ಲೋಣ' ಎಂದರು. ಅಲ್ಲಿ 1979ರಲ್ಲಿ ಆರಂಭವಾದ 'ವಿಮೋಚನಾ' ಎಂಬ ಸಂಘಟನೆಯ ಹೆಂಗಸರು ಕಪ್ಪು ಬಟ್ಟೆ ತೊಟ್ಟು ಮೌನವಾಗಿ ನಿಲ್ಲುವುದನ್ನು ಅವರು ಕಂಡಿದ್ದರು. ಮದುವೆಯಾದ ಹೆಂಗಸರ ಸಾವುಗಳು 'ಆಕಸ್ಮಿಕ' ಎಂಬ ಒಂದೇ ಪದದಲ್ಲಿ ಮುಗಿದುಹೋಗುವುದನ್ನು ಪ್ರಶ್ನಿಸಿ, ಆಸ್ಪತ್ರೆ, ಠಾಣೆ ಅಲೆದು ವಿವರ ಕೂಡಿಸಿದವರೂ ಇವರೇ. ಕಪ್ಪುಡುಗೆಯ ಈ ನಿಲ್ಲುವಿಕೆಗೆ ದೂರದ ನಂಟೂ ಇದೆ. ತಮ್ಮ ಸರಕಾರ ಪ್ಯಾಲೆಸ್ಟೀನಿಯರ ನೆಲವನ್ನು ವಶದಲ್ಲಿಟ್ಟುಕೊಂಡದ್ದನ್ನು ವಿರೋಧಿಸಿ 1988ರಲ್ಲಿ ಇಸ್ರೇಲಿನ ಕೆಲವು ಹೆಂಗಸರು ಜೆರುಸಲೇಮಿನ ಚೌಕದಲ್ಲಿ ಪ್ರತಿ ಶುಕ್ರವಾರ ಹೀಗೆ ನಿಲ್ಲತೊಡಗಿದರು. 1991ರಲ್ಲಿ ಯುಗೋಸ್ಲಾವಿಯ ಒಡೆದು ಯುದ್ಧವಾದಾಗ ಬೆಲ್‌ಗ್ರೇಡಿನ ಹೆಂಗಸರೂ ತಮ್ಮವರ ಯುದ್ಧದ ವಿರುದ್ಧವೇ ನಿಂತರು. ಎರಡೂ ಕಡೆ ದಾರಿಹೋಕರು ಬೈದರು, ದೇಶದ್ರೋಹಿಗಳೆಂದರು. ಅವರು ತಿರುಗಿ ಮಾತಾಡಲಿಲ್ಲ, ಮನೆಗೂ ಹೋಗಲಿಲ್ಲ.

ನಮಗೋ ಮೊದಲ ತೊಡಕು ಸೀರೆಯದ್ದೇ. ಮುತ್ತೈದೆಯರ ಬೀರುವಿನಲ್ಲಿ ಕಪ್ಪು ಸೀರೆ ಎಲ್ಲಿರುತ್ತದೆ ಹೇಳಿ? ಧಾರವಾಡದ ಕಡೆಯ ಒಬ್ಬರ ಹತ್ತಿರ ಸಂಕ್ರಾಂತಿಗೆಂದು ಉಡುವ ಚಂದ್ರಕಾಳಿ ಸೀರೆಯಿತ್ತು. ಉಳಿದವರು ಗಾಢ ನೀಲಿ, ಕಂದು, ಸಿಕ್ಕಿದ್ದನ್ನು ಉಟ್ಟೆವು. 'ಮಂಗಳವಾರ ಅಲ್ಲ ತಾನೇ?' ಎಂದಷ್ಟೇ ನನ್ನ ಅತ್ತೆ ಕೇಳಿದರು. ಅದೊಂದು ದೊಡ್ಡ ಅನುಮತಿ ಎಂದೇ ನಾನು ತಿಳಿದೆ.

ಎರಡನೆಯ ತೊಡಕು ಸಣ್ಣದಲ್ಲ. ಫಲಕದ ಮೇಲೆ ಏನು ಬರೆಯುವುದು? 'ಕೊಲೆಗಡುಕರಿಗೆ ಶಿಕ್ಷೆಯಾಗಲಿ' ಎಂದು ಬರೆಯಬೇಕೆಂದರು ಕೆಲವರು. ಅವರ ಕಣ್ಣಲ್ಲಿ ನೀರಿತ್ತು. ನಿವೃತ್ತ ಮುಖ್ಯೋಪಾಧ್ಯಾಯಿನಿಯೊಬ್ಬರು ಒಪ್ಪಲಿಲ್ಲ. 'ಕೊಲೆ ಅಂತ ನಮಗೆ ಗೊತ್ತಾ? ಒಂದು ಹುಡುಗಿಗೆ ನ್ಯಾಯ ಕೇಳೋಕೆ ಹೋಗಿ ವಿಚಾರಣೆ ಇಲ್ದೆ ಇನ್ನೊಬ್ಬರನ್ನ ನಾವೇ ಗಲ್ಲಿಗೆ ಹಾಕೋದಾ?' ಎಂದರು. ಬಹಳ ಹೊತ್ತು ಚರ್ಚೆಯಾಯಿತು. ಕೊನೆಗೆ ಬರೆದದ್ದು, 'ಈ ಸಾವು ಹೇಗಾಯಿತು? ಸರಿಯಾದ ತನಿಖೆಯಾಗಲಿ' ಎಂದು ಮಾತ್ರ. ಯಾರ ಹೆಸರೂ ಇರಲಿಲ್ಲ. ಸಿಟ್ಟಿಗೆ ಅದು ಸಪ್ಪೆಯೆನಿಸಬಹುದು. ಆದರೆ ಹೇಳಿಕೊಳ್ಳಲು ಅವಕಾಶವಿಲ್ಲದೆ ಸತ್ತವಳಿಗಾಗಿ ನಿಂತವರು, ಬದುಕಿರುವವರಿಗೆ ಹೇಳಿಕೊಳ್ಳುವ ಅವಕಾಶ ತಪ್ಪಿಸಿದರೆ ನಿಂತದ್ದಕ್ಕೆ ಏನು ಅರ್ಥ ಉಳಿಯಿತು?

ಹೀಗೆ ಹನ್ನೊಂದು ಮಂದಿ ಬಸ್ ನಿಲ್ದಾಣದ ಎದುರಿನ ವೃತ್ತದಲ್ಲಿ ನಿಂತೆವು. ಮನೆಯೊಳಗೆ ನಲವತ್ತು ವರ್ಷ ಸುಮ್ಮನಿರಬಲ್ಲವಳಿಗೆ ಬೀದಿಯಲ್ಲಿ ಒಂದು ಗಂಟೆ ಸುಮ್ಮನೆ ನಿಲ್ಲುವುದು ಎಷ್ಟು ಕಷ್ಟ ಎಂದು ಅಂದು ತಿಳಿಯಿತು. ಮನೆಯ ಮೌನ ನಮ್ಮನ್ನು ಮರೆಮಾಡುತ್ತದೆ. ಬೀದಿಯ ಮೌನದಲ್ಲಿ ತರಕಾರಿಯವನು, ಮಕ್ಕಳ ಮೇಷ್ಟರು, ಗಂಡನ ಕಚೇರಿಯವರು ಎಲ್ಲರೂ ನೋಡುತ್ತಾರೆ. 'ಅಲ್ರೀ, ಇಲ್ಲಿ ಒಂದು ಗಂಟೆ ನಿಂತ್ಕೊಂಡ್ರೆ ಸತ್ತವಳು ಎದ್ದು ಬರ್ತಾಳಾ?' ಎಂದು ಪರಿಚಯದವರೊಬ್ಬರು ಸ್ಕೂಟರ್ ನಿಲ್ಲಿಸಿ ಕೇಳಿದರು. ಮೌನದ ನಿಯಮವಿತ್ತಾದ್ದರಿಂದ ನಾವು ಉತ್ತರ ಕೊಡಲಿಲ್ಲ. ಕೊಡಬಹುದಾಗಿದ್ದರೂ ಆಗ ನನ್ನ ಬಳಿ ಉತ್ತರವಿರಲಿಲ್ಲ.

ಅವರ ಪ್ರಶ್ನೆ ತಳ್ಳಿಹಾಕುವಂಥದ್ದಲ್ಲ. ಫಲವಿಲ್ಲದ ಕೆಲಸ ಮಾಡುವುದು ಸರಿಯೇ? ಕೈಯಲ್ಲಿ ಆಗದ್ದಕ್ಕೆ ಬೀದಿಯಲ್ಲಿ ನಿಂತು, 'ನಾನಂತೂ ನನ್ನ ಪಾಲಿನದು ಮಾಡಿದೆ' ಎಂದು ಮನಸ್ಸು ಹಗುರ ಮಾಡಿಕೊಳ್ಳುವುದು ಒಂದು ಬಗೆಯ ಸ್ವಾರ್ಥವಲ್ಲವೇ?

ಇದನ್ನು ಯೋಚಿಸುವಾಗ ನನಗೆ ನೆರವಾದದ್ದು ದಕ್ಷಿಣ ಆಫ್ರಿಕದ ಬಿಳಿಯ ಹೆಂಗಸರ ಕಥೆ. 1955ರಲ್ಲಿ ಅಲ್ಲಿನ ಸರಕಾರ ಕೇಪ್ ಪ್ರಾಂತದ ಮಿಶ್ರ ವರ್ಣದವರನ್ನು ಮತದಾರರ ಸಾಮಾನ್ಯ ಪಟ್ಟಿಯಿಂದ ತೆಗೆದುಹಾಕಲು ಹೊರಟಿತು. ಜೊಹಾನ್ಸ್‌ಬರ್ಗಿನಲ್ಲಿ ಚಹಾಕ್ಕೆ ಸೇರಿದ್ದ ಆರು ಮಂದಿ ಗೃಹಿಣಿಯರು ಏನಾದರೂ ಮಾಡಬೇಕೆಂದು ಹೊರಟರು. ಸಾವಿರಾರು ಹೆಂಗಸರು ಜೊತೆಗೂಡಿದರು. ಸಂವಿಧಾನ ಸತ್ತ ಸೂತಕವೆಂದು ಭುಜದಿಂದ ಸೊಂಟಕ್ಕೆ ಓರೆಯಾಗಿ ಕಪ್ಪು ಪಟ್ಟಿ ತೊಟ್ಟು, ತಲೆ ತಗ್ಗಿಸಿ, ಮಂತ್ರಿಗಳು ಓಡಾಡುವ ದಾರಿಯಲ್ಲಿ ನಿಂತರು. ಜನ ಅವರನ್ನು 'ಬ್ಲ್ಯಾಕ್ ಸ್ಯಾಶ್' ಎಂದೇ ಕರೆದರು. ಆಮೇಲೇನಾಯಿತು? ಸರಕಾರ ಕದಲಲಿಲ್ಲ. 1956ರಲ್ಲಿ ಆ ಮತದಾರರ ಹೆಸರುಗಳು ಪಟ್ಟಿಯಿಂದ ಹೋದವು. ಸ್ಕೂಟರಿನವರ ಲೆಕ್ಕದಲ್ಲಿ ಆ ಹೆಂಗಸರು ನಿಂತದ್ದು ಪೂರ್ತಿ ವ್ಯರ್ಥ.

ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. ಆ ದೇಶದಲ್ಲಿ ಕರಿಯರು ಎಲ್ಲಿ ಇರಬೇಕು, ಎಲ್ಲಿ ದುಡಿಯಬೇಕು ಎಂಬುದೆಲ್ಲ 'ಪಾಸ್' ಎಂಬ ಪುಸ್ತಕದಲ್ಲಿ ಬರೆದಿರುತ್ತಿತ್ತು. ಅದಿಲ್ಲದೆ ಸಿಕ್ಕರೆ ಜೈಲು. ಗಂಡನ ಜೊತೆ ಊರಿನಲ್ಲಿರಲು ಹೆಂಡತಿಗೆ ಅಪ್ಪಣೆ ಬೇಕು. 1950ರ ದಶಕ ಮುಗಿಯುವ ಮುನ್ನವೇ ಬ್ಲ್ಯಾಕ್ ಸ್ಯಾಶಿನ ಹೆಂಗಸರು ಕೇಪ್‌ಟೌನಿನಲ್ಲಿ ಒಂದು ಸಲಹಾ ಕಚೇರಿ ತೆರೆದರು. ಮುಂದೆ ಬೇರೆ ಊರುಗಳಲ್ಲೂ ತೆರೆದರು. ಮೇಜಿನ ಆಚೆ ಕೂತು ಒಬ್ಬೊಬ್ಬರ ಕಾಗದ ನೋಡುವುದು, ಅರ್ಜಿ ಬರೆಯುವುದು, ಕಾನೂನು ತಿಳಿಸುವುದು, ಎಲ್ಲವನ್ನೂ ದಾಖಲೆ ಮಾಡುವುದು. ಪಾಸ್ ಕಾನೂನು ರದ್ದಾದದ್ದು 1986ರಲ್ಲಿ. ಅಲ್ಲಿಯವರೆಗೂ ಆ ಮೇಜುಗಳ ಮುಂದೆ ಸಾಲು ನಿಂತೇ ಇತ್ತು. 1990ರಲ್ಲಿ ಜೈಲಿನಿಂದ ಬಿಡುಗಡೆಯಾದ ದಿನದ ಭಾಷಣದಲ್ಲೇ ನೆಲ್ಸನ್ ಮಂಡೇಲಾ ಈ ಹೆಂಗಸರನ್ನು ಹೆಸರಿಸಿ, ಬಿಳಿಯರ ಆತ್ಮಸಾಕ್ಷಿಯಾಗಿದ್ದವರು ಎಂದು ನೆನೆದರು.

ಮಂತ್ರಿಗಳ ಮನಸ್ಸನ್ನು ಆ ಕಪ್ಪು ಪಟ್ಟಿ ಬದಲಿಸಲಿಲ್ಲ. ಆದರೆ ಎಲ್ಲರಿಗೂ ಕಾಣುವಂತೆ ನಿಂತವರಿಗೆ ಮರಳಿ ಚಹಾಕೂಟಕ್ಕಷ್ಟೇ ಹೋಗಿ ಕೂರಲಾಗಲಿಲ್ಲ. ಕಷ್ಟದಲ್ಲಿದ್ದವರಿಗೂ, ಈ ಬಿಳಿಯರ ನಡುವೆ ಯಾರ ಬಾಗಿಲು ತಟ್ಟಬಹುದು ಎಂಬುದು ಗೊತ್ತಾಯಿತು. ನಿಲ್ಲುವುದರ ಉಪಯೋಗ ಇಲ್ಲಿದೆ ಎಂದು ನನಗೆ ತೋರುತ್ತದೆ. ನಾಲ್ಕು ಗೋಡೆಯೊಳಗೆ ಎಷ್ಟೇ ಮರುಗಿದರೂ ಆ ಮರುಕಕ್ಕೆ ವಿಳಾಸವಿಲ್ಲ. ಬೀದಿಯಲ್ಲಿ ನಿಂತವಳಿಗೆ ವಿಳಾಸ ಬರುತ್ತದೆ.

ನಾವು ನಿಂತ ಮರುವಾರವೇ ಇದಕ್ಕೊಂದು ಸಾಕ್ಷಿ ಸಿಕ್ಕಿತು. ನಿಲ್ದಾಣದ ಬಳಿ ಹೂ ಮಾರುವ ಹೆಂಗಸು ನಮ್ಮ ಮನೆ ಹುಡುಕಿಕೊಂಡು ಬಂದಳು. 'ಅಕ್ಕಾ, ಅವತ್ತು ಸರ್ಕಲ್ಲಾಗೆ ನಿಂತಿದ್ರಲ್ಲ, ನೀವೇ ಅಲ್ವಾ? ನನ್ನ ಮಗಳು ಕೈಯೆಲ್ಲಾ ಬರೆ ಹಾಕಿಸ್ಕಂಡು ಬಂದವ್ಳೆ. ವಾಪಸ್ ಕಳಿಸು ಅಂತಾರೆ ಎಲ್ಲಾರೂ. ನಂಗೆ ಭಯ ಆಯ್ತದೆ' ಎಂದಳು. ಅವಳಿಂದ ಎಷ್ಟೋ ವರ್ಷದಿಂದ ಮೊಳ ಹೂ ಕೊಂಡಿದ್ದೇನೆ. ಮಗಳ ವಿಷಯ ಅವಳು ಎತ್ತಿದ್ದು ಅಂದೇ. ಕೌಟುಂಬಿಕ ಹಿಂಸೆಯಿಂದ ಮಹಿಳೆಯರನ್ನು ರಕ್ಷಿಸುವ 2005ರ ಕಾನೂನಿನ ಬಗ್ಗೆ ನಮ್ಮಲ್ಲೊಬ್ಬರಿಗೆ ತಿಳಿದಿತ್ತು. ಶಿಶು ಅಭಿವೃದ್ಧಿ ಯೋಜನಾಧಿಕಾರಿಯ ಕಚೇರಿಗೆ ಇಬ್ಬರು ಜೊತೆಯಲ್ಲಿ ಹೋಗಿ ದೂರು ಬರೆಸಿ ಬಂದರು. ಆ ಹುಡುಗಿ ಈಗ ತಾಯಿಯ ಪಕ್ಕದಲ್ಲಿ ಕೂತು ಮಾಲೆ ಕಟ್ಟುತ್ತಾಳೆ. ಸತ್ತವಳು ಎದ್ದು ಬರಲಿಲ್ಲ, ಸ್ಕೂಟರಿನವರು ಹೇಳಿದ್ದು ನಿಜವೇ. ಇವಳು ಮಾತ್ರ ಇದ್ದಾಳೆ.

ಇನ್ನು ಆ ಮೊದಲ ಹುಡುಗಿಯ ವಿಷಯ. ಮದುವೆಯಾಗಿ ಏಳು ವರ್ಷದೊಳಗೆ ಹೆಂಗಸು ಸುಟ್ಟೋ, ಅಸಹಜವಾಗಿಯೋ ಸತ್ತು, ಅದಕ್ಕೆ ಮುಂಚೆ ವರದಕ್ಷಿಣೆಗಾಗಿ ಹಿಂಸೆಯಾಗಿತ್ತೆಂದು ತೋರಿಬಂದರೆ ಅದನ್ನು ವರದಕ್ಷಿಣೆ ಸಾವೆಂದು ಎಣಿಸುವ ಕಲಮು 1986ರಲ್ಲೇ ಬಂದಿದೆ. 2024ರ ಜುಲೈಯಲ್ಲಿ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲೂ ಅದು ಉಳಿದಿದೆ. 'ತೋರಿಬಂದರೆ' ಎಂಬ ಮಾತನ್ನು ಗಮನಿಸಿ. ತೋರಿಬರುವುದು ಯಾರಿಂದ? ರಾತ್ರಿ ಅಳು ಕೇಳಿದ ಪಕ್ಕದ ಮನೆಯಾಕೆಯಿಂದ, ಬಳೆ ಮಾರಿದ್ದನ್ನು ಕಂಡವಳಿಂದ, ಪಾತ್ರೆ ತೊಳೆಯಲು ಹೋಗುತ್ತಿದ್ದವಳಿಂದ. ಕಾನೂನು ಎಷ್ಟೇ ಗಟ್ಟಿಯಾಗಿರಲಿ, ಅದರ ಬಾಯಿ ನಾವೇ. ನಲ್ಲಿಯ ಬಳಿ ಪಿಸುಗುಟ್ಟಿದವರಲ್ಲಿ ಇಬ್ಬರು ಆಮೇಲೆ ಠಾಣೆಗೆ ಹೋಗಿ ತಾವು ಕಂಡದ್ದನ್ನು ಹೇಳಿದರು. ಉಳಿದದ್ದು ನ್ಯಾಯಾಲಯದ ಕೆಲಸ, ಅದರ ಬಗ್ಗೆ ನಾನು ತೀರ್ಪು ಹೇಳುವಂತಿಲ್ಲ.

ಎಲ್ಲರೂ ನಿಲ್ಲಲೇಬೇಕು ಎಂದು ಹೇಳುವುದೂ ಅನ್ಯಾಯ. ಬೀದಿಯಲ್ಲಿ ಕಂಡರೆ ಮನೆಯಲ್ಲಿ ಏಟು ತಿನ್ನಬೇಕಾದವಳಿಗೆ, ದಿನಗೂಲಿ ತಪ್ಪಿದರೆ ಒಲೆ ಹೊತ್ತದವಳಿಗೆ ಆ ಉಪದೇಶ ಮಾಡಲು ನಮಗೇನು ಹಕ್ಕು? ನಿಂತರೆ ಹೆಚ್ಚೆಂದರೆ ನಾಲ್ಕು ಮಾತು ಕೇಳಬೇಕಾಗುವ ನಮ್ಮಂಥವರ ಮೇಲೆ ಮಾತ್ರ ಆ ಋಣವಿದೆ. ನಿಂತ ಮೇಲೆ ಬಾಗಿಲು ತಟ್ಟಿದವರಿಗೆ ತೆರೆಯುವ ಋಣವೂ ಅದರ ಜೊತೆಗೇ ಬರುತ್ತದೆ. ತೆರೆಯಲಾಗದಿದ್ದರೆ ರಂಗೋಲಿ ಸ್ಪರ್ಧೆಯೇ ವಾಸಿ, ಅದರಿಂದ ಅಂಗಳವಾದರೂ ಚೆನ್ನಾಗಿ ಕಾಣುತ್ತದೆ. ನಮ್ಮ ಸಮಾಜದ ಕಪಾಟಿನಲ್ಲಿ ಹಪ್ಪಳದ ಲೆಕ್ಕದ ಪಕ್ಕ ಈಗ ಇನ್ನೊಂದು ಪುಸ್ತಕವಿದೆ. ಬಂದವರ ಹೆಸರು, ತೊಂದರೆ, ಜೊತೆಗೆ ಹೋದವರು ಯಾರು ಎಂದೆಲ್ಲ ಅದರಲ್ಲಿ ಬರೆದಿಡುತ್ತೇವೆ. ಮಹಿಳಾ ಸಹಾಯವಾಣಿಯ 181 ಸಂಖ್ಯೆ ಅದರ ರಟ್ಟಿನ ಮೇಲೆಯೇ ಇದೆ.

ನಿಮ್ಮ ಊರಿನಲ್ಲೂ ಯಾರಾದರೂ ಹೀಗೆ ನಿಂತದ್ದು ಕಾಣಿಸಬಹುದು. ಅವರು ಹೇಳುವುದೆಲ್ಲ ನಿಮಗೆ ಒಪ್ಪಿಗೆಯಾಗಬೇಕೆಂದಿಲ್ಲ. ಪಕ್ಕದಲ್ಲಿ ನಿಲ್ಲಲು ಸಂಕೋಚವಾದರೆ ಅದೂ ಸರಿ. ಆದರೆ ಅವರ ಮನೆ ಯಾವ ಬೀದಿಯಲ್ಲಿ ಎಂದು ಮಾತ್ರ ಕೇಳಿ ತಿಳಿದುಕೊಂಡಿರಿ. ನಿಮಗಲ್ಲದಿದ್ದರೂ ನಿಮ್ಮ ಹೂವಿನವಳಿಗೆ ಎಂದಾದರೂ ಬೇಕಾದೀತು.