ನನ್ನ ಪುಸ್ತಕ ಸರಿಯಿದೆ

ಅದಿರು ಲಾರಿಗಳು ಹಗಲೂ ರಾತ್ರಿ ಸಾಲುಗಟ್ಟುತ್ತಿದ್ದ ವರ್ಷಗಳಲ್ಲಿ ನಮ್ಮಪ್ಪ ಸಂಡೂರು–ಹೊಸಪೇಟೆ ರಸ್ತೆಯ ಒಂದು ವೇಬ್ರಿಡ್ಜ್‌ನಲ್ಲಿ ಗುಮಾಸ್ತರಾಗಿದ್ದರು. ಅವರ ಅಂಗಿ, ರಿಜಿಸ್ಟರಿನ ಅಂಚು, ನನ್ನ ಊಟದ ಡಬ್ಬಿ ಎಲ್ಲವೂ ಒಂದೇ ಕೆಂಪು. ಈಗ ಹಂಪಿಯ ಕನ್ನಡ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡುತ್ತ ಆ ಕಾಲದ ವರದಿಗಳನ್ನು ಓದುವಾಗ, ಒಂದು ಸಂಜೆ ಕೇಳಿಯೇಬಿಟ್ಟೆ: “ಅಪ್ಪಾ, ನಿನಗೆ ಗೊತ್ತಿರಲಿಲ್ಲೇನು?”

“ಎಷ್ಟು ತೂಕ ಬಂತೋ ಅಷ್ಟೇ ಬರದೀನಿ. ಪರ್ಮಿಟ್‌ನಾಗೆ ಏನೈತಿ ಅಂತ ನೋಡೋದು ನನ್ ಕೆಲಸ ಅಲ್ಲ. ನನ್ ಪುಸ್ತಕ ಸರಿ ಐತಿ.”

ಅದು ಸುಳ್ಳಲ್ಲ. ಕಷ್ಟವಿರುವುದೇ ಅಲ್ಲಿ.

ಗಣಿ ಇಲಾಖೆಯ ಪರ್ಮಿಟ್, ಅರಣ್ಯ ಇಲಾಖೆಯ ಪಾಸ್, ವೇಬ್ರಿಡ್ಜ್ ಚೀಟಿ, ಬಂದರಿನ ಲೆಕ್ಕ, ಒಂದೊಂದೂ ಬೇರೆ ಬೇರೆ ಕಪಾಟಿನಲ್ಲಿತ್ತು. ನಕಲಿ ಪರ್ಮಿಟ್‌ಗಳೂ ಇದ್ದವು, ನಿಜ. ಆದರೆ ಲೋಕಾಯುಕ್ತ ಸಂತೋಷ್ ಹೆಗ್ಡೆಯವರ ತನಿಖೆಯಲ್ಲಿ ಅರಣ್ಯಾಧಿಕಾರಿ ಯು.ವಿ. ಸಿಂಗ್ ಅವರ ತಂಡ ಮಾಡಿದ ದೊಡ್ಡ ಕೆಲಸ ಸರಳವಾದದ್ದು: ಕೊಟ್ಟ ಪರ್ಮಿಟ್‌ಗಳ ಲೆಕ್ಕವನ್ನು ಹಡಗು ಹತ್ತಿದ ಅದಿರಿನ ಲೆಕ್ಕದ ಪಕ್ಕ ಇಟ್ಟದ್ದು. 2011ರ ಜುಲೈ ವರದಿಯ ಪ್ರಕಾರ 2006ರಿಂದ 2010ರ ನಡುವೆ ಅಕ್ರಮವಾಗಿ ರಫ್ತಾದದ್ದು ಸುಮಾರು 2.98 ಕೋಟಿ ಟನ್. ಅದೇ ತಿಂಗಳ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ನಿಲ್ಲಿಸಿತು. ಒಂದು ಪುಸ್ತಕದೊಳಗೆ ಕಾಣದ ಸುಳ್ಳು ಎರಡು ಪುಸ್ತಕಗಳ ನಡುವೆ ಕೂತಿತ್ತು.

ಈಗ ಪುಸ್ತಕಗಳನ್ನು ಯಂತ್ರವೇ ಜೋಡಿಸುತ್ತದೆ. ಗಣಿ ಇಲಾಖೆಗೆ ‘ಇಂಟಿಗ್ರೇಟೆಡ್ ಲೀಸ್ ಮ್ಯಾನೇಜ್‌ಮೆಂಟ್ ಸಿಸ್ಟಮ್’ ಇದೆ. ಕಂಪನಿಗಳಲ್ಲಿ ತೂಕ, ದಾಸ್ತಾನು, ಬಿಲ್ಲು, ಸಾಗಣೆಯ ಬೇರೆ ಬೇರೆ ಸಾಫ್ಟ್‌ವೇರ್‌ಗಳನ್ನು ಬೆಸೆಯುವ ಇಂಟಿಗ್ರೇಷನ್ ಪ್ಲಾಟ್‌ಫಾರ್ಮ್‌ಗಳಿವೆ. ತಕ್ಕಡಿಯ ಅಂಕಿ ಯಾರ ಕೈಬರಹಕ್ಕೂ ಕಾಯದೆ ಬಿಲ್ಲಿಗೆ ತಲುಪಬಲ್ಲದು. ತಾಳೆಯಾಗದಿದ್ದರೆ ಲಾರಿಯನ್ನು ಗೇಟಿನಲ್ಲೇ ನಿಲ್ಲಿಸಬಲ್ಲದು. “ಈಗ ಎಲ್ಲಾ ಕಂಪ್ಯೂಟರ್ ನೋಡ್ಕೊಂತೈತಿ” ಎನ್ನುವಾಗ ಅಪ್ಪನ ದನಿಯಲ್ಲಿ ಒಂದು ನಿರಾಳವಿರುತ್ತದೆ. ಆ ನಿರಾಳವೇ ನನ್ನನ್ನು ಕಾಡುತ್ತದೆ.

ಅದಿರು ಮಳೆಯಲ್ಲಿ ನೀರು ಕುಡಿದು ಭಾರವಾಗುತ್ತದೆ, ಬಿಸಿಲಿಗೆ ಒಣಗಿ ಹಗುರಾಗುತ್ತದೆ. ಗಣಿಯಲ್ಲಿ ಬಂದ ತೂಕವೇ ಕಾರ್ಖಾನೆಯಲ್ಲೂ ಬರುತ್ತದೆಂದು ಹೇಳಲಾಗದು. ಹಾಗಾಗಿ ಎಷ್ಟು ವ್ಯತ್ಯಾಸದವರೆಗೆ ಸುಮ್ಮನಿರಬೇಕೆಂದು ಯಾರೋ ಮೊದಲೇ ಯಂತ್ರಕ್ಕೆ ಹೇಳಿಕೊಡಬೇಕು. ಸಡಿಲ ಬಿಟ್ಟರೆ ಕಳ್ಳ ದಾಟುತ್ತಾನೆ; ಬಿಗಿ ಹಿಡಿದರೆ ಮಳೆಗೆ ಸಿಕ್ಕ ಪ್ರಾಮಾಣಿಕ ಚಾಲಕ ರಾತ್ರಿಯೆಲ್ಲ ಗೇಟಿನಲ್ಲಿ ಕೊಳೆಯುತ್ತಾನೆ. ಇದು ಲೆಕ್ಕವಷ್ಟೇ ಅಲ್ಲ, ನ್ಯಾಯದ ಮಾತು. ಯಂತ್ರ ಆ ಮಾತನ್ನು ಪಾಲಿಸುತ್ತದೆ, ಅದಕ್ಕೆ ಜವಾಬು ಕೊಡುವುದಿಲ್ಲ. ನಾಳೆ ಆ ಅಂಕಿಯನ್ನು ಬರೆದವರನ್ನು ಕೇಳಿದರೆ ಅವರೂ ಅನ್ನಬಹುದು: ನನ್ನ ಪುಸ್ತಕ ಸರಿಯಿದೆ.

ಆಗ ಜೋಡಣೆಯೇ ಇರಲಿಲ್ಲ ಎನ್ನುವುದೂ ಪೂರ್ತಿ ನಿಜವಲ್ಲ. ಲಾರಿಗಳು ಎಲ್ಲರ ಕಣ್ಣೆದುರೇ ಹೋದವು. ರಸ್ತೆಬದಿಯ ಚಹಾದಂಗಡಿಯಲ್ಲಿ ಪರ್ಮಿಟ್ಟಿನ ಸುದ್ದಿ, ತೂಕದ ಸುದ್ದಿ, ಬಂದರಿನ ಸುದ್ದಿ ಒಂದೇ ಬೆಂಚಿನ ಮೇಲೆ ಕೂರುತ್ತಿದ್ದವು. ಕೊರತೆಯಿದ್ದದ್ದು ಮಾಹಿತಿಯದ್ದಲ್ಲ, ಎರಡನ್ನು ಕೂಡಿಸಿ ನೋಡುವುದು ನನ್ನ ಕೆಲಸ ಎಂದುಕೊಳ್ಳುವವರದ್ದು. ಪುಸ್ತಕಗಳನ್ನು ಬೆಸೆಯುವುದು ಯಂತ್ರಕ್ಕೆ ಸಾಧ್ಯ. ಹಾಗೆ ಅಂದುಕೊಳ್ಳುವುದು ಮಾತ್ರ ಮನುಷ್ಯರಿಗೇ ಉಳಿದ ಕೆಲಸ.

ಅಪ್ಪನಿಗೆ ಇಷ್ಟನ್ನೂ ಹೇಳಿದೆ. ಅವರು ಬಹಳ ಹೊತ್ತು ಸುಮ್ಮನಿದ್ದು, “ಯಾರಾದ್ರೂ ಕೇಳಿದ್ರೆ ಹೇಳ್ತಿದ್ನೇನೋ. ಯಾರೂ ಕೇಳ್ಲಿಲ್ಲ” ಎಂದರು.

ಕೇಳುವವರೆಗೆ ಕಾಯಬೇಕಿತ್ತೇ ಎಂಬ ಮಾತು ನಾಲಿಗೆಯ ತುದಿಯವರೆಗೆ ಬಂತು. ಅವರು ಬರೆದ ತೂಕಕ್ಕೆ ಸಿಕ್ಕ ಸಂಬಳದಲ್ಲೇ ನನ್ನ ಶಾಲೆಯ ಫೀಸು ಕಟ್ಟಿದ್ದು. ಆ ಎರಡು ಲೆಕ್ಕಗಳನ್ನು ನಾನೂ ಇಷ್ಟು ವರ್ಷ ಪಕ್ಕಪಕ್ಕ ಇಟ್ಟಿರಲಿಲ್ಲ.