ಮುನ್ನೂರು ಹೊಡೆದವನ ಜಾಗ

2016ರ ಡಿಸೆಂಬರ್, ಚೆನ್ನೈ. ಇಂಗ್ಲೆಂಡ್ ವಿರುದ್ಧ ನಮ್ಮ ಕರುಣ್ ನಾಯರ್ ಅಜೇಯ 303 ಹೊಡೆದ. ಮುಂದಿನ ಟೆಸ್ಟಿಗೆ ಆಡುವ ಹನ್ನೊಂದರಲ್ಲೇ ಇರಲಿಲ್ಲ! ಗಾಯದಿಂದ ಚೇತರಿಸಿಕೊಂಡು ಬಂದ ರಹಾನೆಗೆ ಜಾಗ ಬಿಡಬೇಕಾಯ್ತು. ಇದು ಅನ್ಯಾಯವೇ?

ನಮ್ಮ ಸಂತೆಕಲ್ಲೂರಿನ ಕಡೆ ಹತ್ತಿ ಬಿಡಿಸೋ ಗುಂಪಿನಾಗ ಒಬ್ಬಾಕಿ ಜ್ವರ ಬಂದು ಮಲಗಿದ್ರೆ, ಬದಲಿಗೆ ಬಂದಾಕಿ ಎಷ್ಟೇ ಚುರುಕಿದ್ರೂ ಮೊದಲಿನಾಕಿ ಸಾಲು ಆಕಿಗೇ. ಕಾಯಿಲೆ ಬಿದ್ದಿದ್ದಕ್ಕೆ ಯಾರೂ ಅನ್ನ ಕಳ್ಕೋಬಾರ್ದು. ಆ ಲೆಕ್ಕದಾಗ ರಹಾನೆಗೆ ಸಿಕ್ಕಿದ್ದು ನ್ಯಾಯವೇ.

ಆದ್ರೆ ಬದಲಿಗೆ ಬಂದಾಕೀನ ಮುಂದೆ ಮರೆತೇ ಬಿಟ್ರೆ? ಕರುಣ್‌ಗೆ ಆಮೇಲೆ ಆಸ್ಟ್ರೇಲಿಯಾ ವಿರುದ್ಧ 3 ಟೆಸ್ಟ್ ಸಿಕ್ಕವು, ರನ್ ಬರಲಿಲ್ಲ. ನಂತರದ ಟೆಸ್ಟ್ ಆಡಿದ್ದು 2025ರಲ್ಲಿ! ಜಾಗ ಒಂದೇ ಇದ್ದಾಗ ಒಬ್ಬರು ಹೊರಗಿರಲೇಬೇಕು, ಸರಿ. ಆದರೆ ಅವರ ಋಣ ಅಲ್ಲಿಗೆ ತೀರಲ್ಲ. ನಿಮ್ಮ ಟೀಮಿನಲ್ಲಿ ರಜೆ ಹೋದವರ ಕೆಲಸ ಎಳೆದವರು ಯಾರು, ನೆನಪಿದ್ಯಾ?